ಅಂಗಡಿಗೆ ಮಿಂಟ್, ಮನೆಗೆ ಡೆಬಿಯನ್

ರಾಯಚೂರಿನಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಅರ್ಜಿ ಟೈಪಿಂಗ್, ಜೆರಾಕ್ಸ್, ಮದುವೆ ಕಾರ್ಡು, ಆನ್‌ಲೈನ್ ಫಾರ್ಮು, ಇಷ್ಟೇ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು. ನಮ್ಮವು ಹಳೇ ಐ3 ಡಬ್ಬಿಗಳು, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಹೊಸದು ತಗೊಳ್ಳುವಷ್ಟು ವ್ಯಾಪಾರ ಈಗ ಎಲ್ಲಿದೆ? ಹಾಗಾಗಿ ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್‌ನ ಬಗೆಗಳಾದ (ಡಿಸ್ಟ್ರೋ ಅಂತಾರೆ) ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ನಾಲ್ಕನ್ನೂ ಒಂದೊಂದಾಗಿ ಹಾಕಿ ನಿಜವಾದ ಕೆಲಸಕ್ಕೇ ಹಚ್ಚಿದೆ.

ಯಾವುದು ನೋಡಲು ಚಂದ ಅನ್ನುವ ಜಗಳ ನನಗೆ ಬೇಡ. ಗಿರಾಕಿ ಎದುರಿಗೆ ನಿಂತಿರುವಾಗ ಮೂರೇ ಪ್ರಶ್ನೆ. ಕನ್ನಡ ಟೈಪ್ ಆಗುತ್ತಾ? ಪ್ರಿಂಟ್ ಬರುತ್ತಾ? ನಡುವೆ ಅಪ್‌ಡೇಟ್ ಅಂತ ತಲೆ ತಿನ್ನುತ್ತಾ?

ಮೊದಲು ಕನ್ನಡ. ನಮ್ಮ ಕೈಗೆ ನುಡಿ ತಂತ್ರಾಂಶದ ಕೆಜಿಪಿ (ಕಗಪ) ಕೀಲಿಮಣೆ ಕೂತುಬಿಟ್ಟಿದೆ. ಕೆ, ಎಫ್, ಕೆ ಒತ್ತಿದರೆ ಕ್ಕ ಬರಬೇಕು, ಯೋಚಿಸದೇ ಬರಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ಎರಡು ದಾರಿ. ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೇ 'ಕನ್ನಡ ಕಗಪ' ಅಂತ ಒಂದಿದೆ. ಅದನ್ನು ಸೇರಿಸುವುದು ಸುಲಭ. ಆದರೆ ಅಲ್ಲಿ ಒಮ್ಮೆ ಒತ್ತಿದರೆ ಒಂದೇ ಗುರುತು, ಹಿಂದಿನ ಅಕ್ಷರ ಯಾವುದು ಅಂತ ಆ ಲೇಔಟಿಗೆ ಗೊತ್ತಾಗುವುದಿಲ್ಲ. ಸ್ವರಕ್ಕೆ ಒಂದು ರೀತಿ, ವ್ಯಂಜನಕ್ಕೆ ಹತ್ತುವ ಸ್ವರಚಿಹ್ನೆಗೆ ಇನ್ನೊಂದು ರೀತಿ ಒತ್ತಬೇಕು. ನುಡಿಯಲ್ಲಿ ಪಳಗಿದ ಬೆರಳು ಅಲ್ಲಿ ಎಡವುತ್ತದೆ. ಎರಡನೇ ದಾರಿ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಎಂಬ ಸಾಫ್ಟ್‌ವೇರಿನ ಜೊತೆಗೆ ಕೀಲಿಮಣೆಗಳ ಸಂಗ್ರಹವಾದ ಎಂ17ಎನ್ ಹಾಕಿಕೊಂಡು ಅದರಲ್ಲಿರುವ ಕನ್ನಡ ಕೆಜಿಪಿ ಆರಿಸುವುದು. ನಮಗೆ ಬೇಕಾದದ್ದು ಇದೇ.

ಇದರಲ್ಲಿ ಫೆಡೋರಾ ಎಲ್ಲರಿಗಿಂತ ಮುಂದೆ. ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಆರಿಸಿದೆ, ಕೆಜಿಪಿ ಸಿದ್ಧ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಐಬಸ್-ಎಂ17ಎನ್ ಪ್ಯಾಕೇಜನ್ನು ನಾವೇ ಹಾಕಿ, ಒಮ್ಮೆ ಲಾಗೌಟ್ ಆಗಿ ಬರಬೇಕು. ಮಿಂಟ್‌ನಲ್ಲಿ ಇನ್‌ಪುಟ್ ಮೆಥಡ್ ಅಂತ ಬೇರೆಯೇ ಕಿಟಕಿ ಇದೆ, ಅಲ್ಲಿಂದ ಶುರು ಮಾಡಬೇಕು. ಒಂದು ಸಲದ ಕೆಲಸ ಬಿಡಿ. ಫಾಂಟಿನ ವಿಷಯಕ್ಕೆ ಡೆಬಿಯನ್, ಉಬುಂಟು, ಮಿಂಟ್ ಮೂರೂ ಗೆದ್ದವು. 'ಫಾಂಟ್ಸ್-ಕೆಎನ್‌ಡಿಎ' ಎಂಬ ಒಂದೇ ಪ್ಯಾಕೇಜಿನಲ್ಲಿ ಗುಬ್ಬಿ, ನವಿಲು ಫಾಂಟುಗಳೆರಡೂ ಬಂದುಬಿಡುತ್ತವೆ.

ಗಿರಾಕಿಗಳು ಪೆನ್‌ಡ್ರೈವ್‌ನಲ್ಲಿ ತರುವ ಹಳೇ ನುಡಿ ಫೈಲುಗಳ ಕಥೆ ಬೇರೆ. ಎಂಎಸ್ ಆಫೀಸಿನಂಥ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅವು ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟಿನವು. ಆ ನುಡಿ ಫಾಂಟ್ ಫೈಲನ್ನು ಲಿನಕ್ಸ್‌ನ ಫಾಂಟ್ ಫೋಲ್ಡರಿಗೆ ಹಾಕಿದರೆ ಓದಬಹುದು, ಪ್ರಿಂಟೂ ಬರುತ್ತದೆ. ತಿದ್ದಬೇಕು ಅಂದರೆ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ವಾಸಿ. ಇದು ನಾಲ್ಕರಲ್ಲೂ ಒಂದೇ.

ಉಬುಂಟುವನ್ನು ನಾನು ಬೇಗ ಕೈಬಿಟ್ಟೆ. 22.04 ಆವೃತ್ತಿಯಿಂದ ಅದರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ (ಬೇಕಾದ್ದೆಲ್ಲ ಒಳಗೇ ಕಟ್ಟಿಕೊಂಡು ಬರುವ ಪ್ಯಾಕೇಜ್) ರೂಪದಲ್ಲೇ ಬರುತ್ತದೆ. ವೇಗದ ಎಸ್‌ಎಸ್‌ಡಿ ಡಿಸ್ಕ್ ಇದ್ದವರಿಗೆ ಏನೂ ಅನ್ನಿಸಲಿಕ್ಕಿಲ್ಲ. ನಮ್ಮ ಹಳೇ ಡಿಸ್ಕಿನಲ್ಲಿ ಬೆಳಿಗ್ಗೆ ಮೊದಲ ಸಲ ತೆರೆಯುವಾಗ ಹಾರ್ಡ್ ಡಿಸ್ಕಿನ ಲೈಟು ಮಿನುಗುತ್ತಲೇ ಇರುತ್ತದೆ, ಕಿಟಕಿ ಬರುವುದಿಲ್ಲ. ಅಷ್ಟರಲ್ಲಿ ಫಾರ್ಮು ತುಂಬಿಸಲು ಬಂದವರು ಪಕ್ಕದ ಅಂಗಡಿ ಕಡೆ ನೋಡುತ್ತಾರೆ. ಸ್ನ್ಯಾಪ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ತಡೆಹಿಡಿಯಬಹುದು, ಆದರೆ ಅದಕ್ಕೂ ಕಮಾಂಡ್ ಕೊಡಬೇಕು. ಒಳ್ಳೆ ಮಷೀನು, ಒಳ್ಳೆ ಇಂಟರ್ನೆಟ್ ಇದ್ದವರು ಉಬುಂಟು ಹಾಕಿಕೊಂಡರೆ ನನ್ನ ತಕರಾರಿಲ್ಲ. ಏನೇ ತೊಂದರೆ ಆದರೂ ಹುಡುಕಿದರೆ ಉತ್ತರ ಸಿಗುವುದು ಅದಕ್ಕೇ ಜಾಸ್ತಿ.

ಫೆಡೋರಾ ನನಗೆ ನಿಜಕ್ಕೂ ಇಷ್ಟವಾಯಿತು. ಆದರೆ ಆರು ತಿಂಗಳಿಗೊಂದು ಹೊಸ ಆವೃತ್ತಿ, ಒಂದೊಂದಕ್ಕೂ ಸುಮಾರು 13 ತಿಂಗಳ ಬೆಂಬಲ. ನಡುವೆ ಸಿಸ್ಟಂನ ತಿರುಳಾದ ಕರ್ನಲ್ ಅಪ್‌ಡೇಟ್‌ಗಳು ಬರುತ್ತಲೇ ಇರುತ್ತವೆ. ಮೊಬೈಲ್ ಹಾಟ್‌ಸ್ಪಾಟಿನ ಡೇಟಾದಲ್ಲಿ ಇದನ್ನು ಸಾಕುವುದು ಕಷ್ಟ. ಮೇಲಾಗಿ ವಿಡಿಯೋ ಓಡಲು ಬೇಕಾದ ಕೆಲವು ಕೊಡೆಕ್‌ಗಳಿಗೆ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಸಾಫ್ಟ್‌ವೇರ್ ಸಂಗ್ರಹ ಬೇರೆ ಸೇರಿಸಬೇಕು. ಇಂಜಿನಿಯರಿಂಗ್ ಓದುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ. ಅಂಗಡಿಗೆ ಬೇಡ.

ಅಂಗಡಿಯಲ್ಲಿ ಉಳಿದದ್ದು ಮಿಂಟ್ 22, ಹಗುರ ಡೆಸ್ಕ್‌ಟಾಪಿನ ಎಕ್ಸ್‌ಎಫ್‌ಸಿಇ ಆವೃತ್ತಿ. ಒಳಗೆ ಉಬುಂಟು 24.04ದೇ ತಳಹದಿ, ಆದರೆ ಸ್ನ್ಯಾಪ್ ಇಲ್ಲ, ಫೈರ್‌ಫಾಕ್ಸ್ ಮಾಮೂಲಿ ಪ್ಯಾಕೇಜಾಗಿ ಬರುತ್ತದೆ. 2029ರವರೆಗೆ ಬೆಂಬಲ. ಅಪ್‌ಡೇಟ್ ಮ್ಯಾನೇಜರ್ ಮೂಲೆಯಲ್ಲಿ ಗುರುತು ತೋರಿಸಿ ಸುಮ್ನೆ ಕೂರುತ್ತದೆ. ರಾತ್ರಿ ಶಟರ್ ಎಳೆಯುವ ಮುಂಚೆ ನಾನೇ ಒತ್ತುತ್ತೇನೆ. ಟೈಂಶಿಫ್ಟ್ ಜೊತೆಗೇ ಬರುವುದರಿಂದ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಕೆಲಸಕ್ಕೆ ಬರುವ ಹುಡುಗ ಮೊದಲ ದಿನ "ಅಣ್ಣಾರ, ಸ್ಟಾರ್ಟ್ ಎಲ್ಲೈತ್ರಿ?" ಅಂತ ಕೇಳಿದ. ಎಡಗಡೆ ಕೆಳಗೆ ತೋರಿಸಿದೆ. ಆಮೇಲೆ ಕೇಳಲಿಲ್ಲ.

ಮನೆಯ ಲ್ಯಾಪ್‌ಟಾಪಿಗೆ ಡೆಬಿಯನ್ 13. 2025ರ ಆಗಸ್ಟಿನಲ್ಲಿ ಬಂದದ್ದು. ಮೊದಲೆಲ್ಲ ವೈಫೈ ನಡೆಸುವ ಫರ್ಮ್‌ವೇರ್ ಹುಡುಕುವುದೇ ದೊಡ್ಡ ತಲೆನೋವು. ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್ ಜೊತೆಗೇ ಸಿಗುತ್ತದೆ. ಹಾಕುವಾಗ ಒಂದು ಮಾತು ನೆನಪಿಡಿ: ರೂಟ್ (ಎಲ್ಲ ಅಧಿಕಾರದ ಖಾತೆ) ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಡಿ. ಆಗ ನಿಮ್ಮ ಖಾತೆಗೇ ಸುಡೋ, ಅಂದರೆ ಸಿಸ್ಟಂ ಬದಲಿಸುವ ಅಧಿಕಾರ ಸಿಗುತ್ತದೆ. ಹೊಸ ಹೊಸ ಆವೃತ್ತಿಯ ಸಾಫ್ಟ್‌ವೇರ್ ಬೇಕು ಅನ್ನುವವರಿಗೆ ಡೆಬಿಯನ್ ಬೇಸರ ತರಿಸುತ್ತದೆ. ನನಗೆ ಅದೇ ಹಿತ. ನಿನ್ನೆ ಇದ್ದ ಹಾಗೇ ಇವತ್ತೂ ಇರುತ್ತದೆ.

ಹಾಗಾದರೆ ಅಂಗಡಿಗೂ ಅದನ್ನೇ ಯಾಕೆ ಹಾಕಲಿಲ್ಲ? ನಾನಿಲ್ಲದಾಗ ಬೇರೆಯವರು ಕೂರುತ್ತಾರೆ, ಅದಕ್ಕೆ. ಡೆಬಿಯನ್‌ನಲ್ಲಿ ಸಣ್ಣಪುಟ್ಟದಕ್ಕೆ ಟರ್ಮಿನಲ್ ತೆರೆದು ಕಮಾಂಡ್ ಟೈಪ್ ಮಾಡಬೇಕಾಗುತ್ತದೆ. ಮಿಂಟ್‌ನಲ್ಲಿ ಬಹುತೇಕ ಎಲ್ಲಕ್ಕೂ ಒತ್ತಲು ಒಂದು ಬಟನ್ ಇದೆ.

ಕರೆಂಟಿನ ಮಾತು ಹೇಳಲೇಬೇಕು. ಶಕ್ತಿನಗರದ ಥರ್ಮಲ್ ಸ್ಟೇಷನ್ ನಮ್ಮ ಜಿಲ್ಲೆಯಲ್ಲೇ ಇದೆ, ಆದರೂ ಬೇಸಿಗೆಯಲ್ಲಿ ಕರೆಂಟು ಹೋಗುವುದು ತಪ್ಪಿಲ್ಲ. ಆ ಸೆಖೆಗೆ ಯುಪಿಎಸ್ ಬ್ಯಾಟರಿಯೂ ಬೇಗ ಸೋಲುತ್ತದೆ. ಮಿಂಟ್, ಡೆಬಿಯನ್ ಎರಡೂ ಮಾಮೂಲಿಯಾಗಿ ಬಳಸುವುದು ಎಕ್ಸ್‌ಟಿ4 ಕಡತ ವ್ಯವಸ್ಥೆ. ಅದು ಡಿಸ್ಕಿನ ಬದಲಾವಣೆಗಳ ದಾಖಲೆ (ಜರ್ನಲ್) ಇಟ್ಟುಕೊಳ್ಳುವುದರಿಂದ ತಟ್ಟನೆ ಆಫ್ ಆದರೂ ಮತ್ತೆ ಏಳುತ್ತದೆ. ಸೇವ್ ಮಾಡದ ಅರ್ಜಿ ಮಾತ್ರ ಹೋದ ಹಾಗೇ.

ಪ್ರಿಂಟರ್ ವಿಷಯದಲ್ಲಿ ಡಿಸ್ಟ್ರೋ ಬದಲಿಸಿ ಪ್ರಯೋಜನವಿಲ್ಲ. ಎಚ್‌ಪಿಯ ಬಹಳಷ್ಟು ಮಾಡೆಲ್‌ಗಳು ಎಚ್‌ಪಿಲಿಪ್ ಎಂಬ ಡ್ರೈವರಿನಿಂದ ನಡೆಯುತ್ತವೆ, ಕೆಲವಕ್ಕೆ ಪ್ಲಗಿನ್ ಇಳಿಸಿಕೊಳ್ಳಬೇಕು. ನಮ್ಮ ಇನ್ನೊಂದು ಹಳೇ ಲೇಸರ್ ಪ್ರಿಂಟರ್ ನಾಲ್ಕರಲ್ಲೂ ಬಾಯಿ ಬಿಡಲಿಲ್ಲ. ಹಾಗಾಗಿ ಒಂದು ವಿಂಡೋಸ್ ಮಷೀನು ಉಳಿದಿದೆ. ಟ್ಯಾಲಿ ಇರುವುದೂ ಅದರಲ್ಲೇ. ಫ್ಲೆಕ್ಸ್ ಅಂಗಡಿಯವರು ಕೋರಲ್‌ಡ್ರಾ ಫೈಲೇ ಬೇಕು ಅಂದಾಗಲೂ ಅದೇ ಗತಿ. ಲಿನಕ್ಸ್‌ನಲ್ಲಿರುವ ಡಿಸೈನ್ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಅದನ್ನು ತೆರೆಯುತ್ತದೆ, ಆದರೆ ಪೂರ್ತಿ ಸರಿಯಾಗಿ ಬರುತ್ತದೆ ಅಂತ ನಂಬುವ ಹಾಗಿಲ್ಲ.

ನೀವೂ ನೋಡುವುದಾದರೆ ಹಲವು ಸಿಸ್ಟಂ ಬೂಟ್ ಮಾಡಿಸುವ ವೆಂಟಾಯ್ ಹಾಕಿದ ಒಂದೇ ಪೆನ್‌ಡ್ರೈವ್‌ಗೆ ನಾಲ್ಕರ ಇನ್‌ಸ್ಟಾಲ್ ಫೈಲುಗಳನ್ನೂ (ಐಎಸ್‌ಒ) ತುಂಬಿಕೊಳ್ಳಿ. ಡೆಬಿಯನ್‌ಗೆ ಲೈವ್ ಐಎಸ್‌ಒ ಅಂತ ಬೇರೆ ಇದೆ, ಅದನ್ನೇ ಇಳಿಸಿಕೊಳ್ಳಿ. ಡಿಸ್ಕ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ತೆರೆದು, ವೈಫೈ ಸಿಗುತ್ತಾ ನೋಡಿ, ಪ್ರಿಂಟರಿನ ವೈರು ಚುಚ್ಚಿ ಒಂದು ಹಾಳೆ ತೆಗೆಯಿರಿ. ಆ ಹಾಳೆ ಬಂದ ಮೇಲೆ ಇನ್‌ಸ್ಟಾಲ್ ಒತ್ತಿ.