ದೊಡ್ಡಮ್ಮನಿಗೆ ಮೂರು ಮನೆ ನೋಡಿದೆವು

ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೋ ಸಣ್ಣ ಆಪರೇಷನ್ನಿಗೋ ಹೋಗುವ ಆಸ್ಪತ್ರೆ. ಮರೆವಿನ ಕಾಯಿಲೆ ಬಂದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಜಾಗಕ್ಕೆ ನಮ್ಮಲ್ಲಿ ಒಂದು ಹೆಸರೇ ಇಲ್ಲ. ವೃದ್ಧಾಶ್ರಮ ಅಂದರೆ ನೆಂಟರು ಮುಖ ಗಂಟಿಕ್ಕುತ್ತಾರೆ. "ಸಾಕಿದವಳನ್ನೇ ಹೋಮಿಗೆ ಹಾಕಿದಳಂತೆ" ಅನ್ನುವ ಮಾತು ನನ್ನ ಕಿವಿಗೂ ಬಿತ್ತು. ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ.

ದೊಡ್ಡಮ್ಮನಿಗೆ ಈಗ 76. ತುಮಕೂರಿನಲ್ಲಿ ನಲವತ್ತು ವರ್ಷ ರವಿಕೆ ಹೊಲಿದವಳು. ಮಕ್ಕಳಿಲ್ಲ. ನಾನು ಹೈಸ್ಕೂಲು ಓದಿದ್ದು ಅವಳ ಮನೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಕೂತು. ಅಳತೆ ತಪ್ಪಿ ಹೊಲಿಯಲು ಶುರು ಮಾಡಿದಾಗ, ಹಾಲು ಒಲೆ ಮೇಲಿಟ್ಟು ಮರೆತಾಗ, "ಅರವತ್ತಕ್ಕೆ ಅರಳು ಮರಳು" ಅಂದುಕೊಂಡು ಎರಡು ವರ್ಷ ಕಳೆದೆವು. 2021ರಲ್ಲಿ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದ ಮೇಲೆ ಗೊತ್ತಾಯಿತು, ಆಲ್ಜೈಮರ್ ಅಂತ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ, ಅಂದರೆ ಆಲ್ಜೈಮರ್ ಥರದ ಮರೆವಿನ ಕಾಯಿಲೆ, ಇದೆ ಅಂತ 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಲೆಕ್ಕ ಹಾಕಿದೆ. ಅಷ್ಟು ಮನೆಗಳಲ್ಲಿ ಎಷ್ಟು ಜನ ನಮ್ಮ ಹಾಗೇ ಅರಳು ಮರಳು ಅಂದುಕೊಂಡು ಕೂತಿದ್ದಾರೋ.

ಮೊದಲು ಮನೆಯಲ್ಲೇ ನೋಡಿಕೊಂಡೆವು. ಬೆಂಗಳೂರಿನ ನಮ್ಮ ಎರಡು ರೂಮಿನ ಮನೆ, ಏಜೆನ್ಸಿಯಿಂದ ಬಂದ ಅಟೆಂಡರ್, ತಿಂಗಳಿಗೆ 26 ಸಾವಿರ. ಎರಡು ವರ್ಷದಲ್ಲಿ ಆರು ಜನ ಬದಲಾದರು. ದೊಡ್ಡಮ್ಮನಿಗೆ ಪ್ರತಿ ಸಲವೂ ಮನೆಯೊಳಗೆ ಯಾರೋ ಗುರುತಿಲ್ಲದವರು ನುಗ್ಗಿದ ಹಾಗೆ. ಒಂದು ದಿನ ಬೆಳಗಿನ ಜಾವ ಹಾಲಿನ ಬೂತಿನವರು ಫೋನ್ ಮಾಡಿದರು. ಬರಿಗಾಲಿನಲ್ಲಿ, ಕೈಯಲ್ಲಿ ಅಳತೆ ಟೇಪು ಹಿಡಿದುಕೊಂಡು ನಿಂತಿದ್ದಳು. ಬೀಗ ಹಾಕಲು ಮರೆತದ್ದು ನಾನೇ. ಅವತ್ತೇ ನಾನೂ ತಮ್ಮನೂ ಕೂತು ಮಾತಾಡಿಕೊಂಡೆವು.

ಹದಿನಾಲ್ಕು ಜಾಗಕ್ಕೆ ಫೋನ್ ಮಾಡಿ, ಏಳು ನೋಡಿ, ಮೂರರಲ್ಲಿ ಅವಳನ್ನು ಇಟ್ಟು ನೋಡಿದೆವು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೀಗೆ ಮೂರು ಕಡೆ ತಿರುಗಿಸಿದ್ದು ಅವಳಿಗೆ ಒಳ್ಳೆಯದಾಗಲಿಲ್ಲ. ಈ ಕಾಯಿಲೆಯವರಿಗೆ ಜಾಗ ಬದಲಾದಷ್ಟೂ ಗಾಬರಿ ಜಾಸ್ತಿ. ನಮಗೆ ತಿಳಿಯದೆ ಮಾಡಿದೆವು. ನೀವು ಹಾಗೆ ಮಾಡಬೇಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ನಾವು ಮನೆಯಲ್ಲಿ ಕರೆಯುತ್ತಿದ್ದ ಹಾಗೆ ಆಸ್ಪತ್ರೆ ಮನೆ, ತೋಟದ ಮನೆ, ಚಿಕ್ಕ ಮನೆ ಅಂತಲೇ ಕರೆಯುತ್ತೇನೆ.

ಆಸ್ಪತ್ರೆ ಮನೆ ಹೆಸರಿಗೆ ತಕ್ಕ ಹಾಗೆ ಒಂದು ಆಸ್ಪತ್ರೆಯ ಮೇಲಿನ ಮಹಡಿ. ಇಪ್ಪತ್ತನಾಲ್ಕು ಗಂಟೆ ನರ್ಸ್, ಕೆಳಗೇ ಡಾಕ್ಟರ್, ಆಕ್ಸಿಜನ್, ಮಡಚುವ ಮಂಚ. ತಿಂಗಳಿಗೆ 38 ಸಾವಿರ, ಡೈಪರ್ ಬೇರೆ. ನೋಡಿದ ತಕ್ಷಣ ತಮ್ಮನಿಗೆ ಧೈರ್ಯ ಬಂತು. ತೋಟದ ಮನೆ ಊರಾಚೆ, ಕನಕಪುರ ರಸ್ತೆಯ ಕಡೆ. ಎಲ್ಲ ಬಗೆಯ ವಯಸ್ಸಾದವರೂ ಇರುವ ದೊಡ್ಡ ವೃದ್ಧಾಶ್ರಮ, ಅದರಲ್ಲಿ ಮರೆವಿನವರಿಗೆ ಒಂದು ಭಾಗ. ಮಾವಿನ ಮರ, ದೇವಸ್ಥಾನ, ಸಂಜೆ ಭಜನೆ. 30 ಸಾವಿರ. ನಾನು ಸೋತದ್ದು ಅದಕ್ಕೆ. ಚಿಕ್ಕ ಮನೆ ಅಂದರೆ ಬಡಾವಣೆಯೊಳಗಿನ ಒಂದು ಬಾಡಿಗೆ ಮನೆ, ಡಿಮೆನ್ಷಿಯಾ ಇರುವ ಹನ್ನೆರಡು ಜನ ಮಾತ್ರ. ಗೋಡೆಗೆ ಸುಣ್ಣ ಬಳಿದು ಎಷ್ಟೋ ಕಾಲವಾಗಿತ್ತು. 52 ಸಾವಿರ, ಎರಡು ತಿಂಗಳ ಮುಂಗಡ. ಇಷ್ಟು ಹಳೇ ಕಟ್ಟಡಕ್ಕೆ ಇಷ್ಟು ದುಡ್ಡಾ ಅಂತ ಹೊರಗೆ ಬಂದು ತಮ್ಮನೇ ಕೇಳಿದ್ದ.

ನಾವು ಏಳೂ ಜಾಗವನ್ನು ನೋಡಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಅದೇ ನಮ್ಮ ದೊಡ್ಡ ತಪ್ಪು. ಹನ್ನೊಂದಕ್ಕೆ ಎಲ್ಲ ಜಾಗವೂ ಚೆನ್ನಾಗಿರುತ್ತದೆ. ಸ್ನಾನ ಆಗಿರುತ್ತದೆ, ತಿಂಡಿ ಆಗಿರುತ್ತದೆ, ಮ್ಯಾನೇಜರ್ ಇರುತ್ತಾರೆ. ಈ ಕಾಯಿಲೆಯ ಹೊತ್ತು ಬೇರೆ. ಸಂಜೆ ನಾಲ್ಕು ದಾಟಿ ಬಿಸಿಲು ಇಳಿಯುತ್ತಿದ್ದ ಹಾಗೆ ದೊಡ್ಡಮ್ಮನಿಗೆ ತಳಮಳ ಶುರು. ಸೆರಗು ಬಿಗಿದು ಎದ್ದು ನಿಲ್ಲುತ್ತಾಳೆ. "ಹೊತ್ತಾಯ್ತು, ಅವ್ವ ಕಾಯ್ತಿರ್ತಾಳೆ, ಮನೆಗೋಗ್ಬೇಕು." ದಿನಾ ಇದೇ ಮಾತು. ಈ ಮಾತಿಗೆ ಯಾವ ಮನೆ ಏನು ಉತ್ತರ ಕೊಟ್ಟಿತು ಅನ್ನುವುದೇ ನನ್ನ ಪ್ರಕಾರ ನಿಜವಾದ ಹೋಲಿಕೆ.

ಆಸ್ಪತ್ರೆ ಮನೆಯಲ್ಲಿ ಉತ್ತರ ಒಂದು ಮಾತ್ರೆ. ನಾಲ್ಕನೇ ದಿನ ಸಂಜೆ ಐದೂವರೆಗೆ ಹೋದೆ. ದೊಡ್ಡಮ್ಮ ಮಲಗಿದ್ದಳು. ಬಾಯಿ ಅರ್ಧ ತೆರೆದು ದಿಂಬು ಒದ್ದೆಯಾಗಿತ್ತು. ಎಬ್ಬಿಸಿದರೆ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಚಾರ್ಟ್ ಕೇಳಿ ತೆಗೆಸಿದೆ. ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಕ್ವೆಟಿಯಾಪಿನ್ ಅನ್ನುವ ಮಾತ್ರೆ ಶುರು ಮಾಡಿದ್ದರು, ನಮಗೆ ಒಂದು ಮಾತು ಹೇಳಿರಲಿಲ್ಲ. ಈ ಜಾತಿಯ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವಯಸ್ಸಾದವರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಬೇಡವೇ ಬೇಡ ಅಂತಲ್ಲ. ಹೊಡೆಯುವುದು, ತಮಗೇ ಪೆಟ್ಟು ಮಾಡಿಕೊಳ್ಳುವುದು ಇದ್ದಾಗ ಬೇರೆ ದಾರಿ ಇಲ್ಲದೆ ಡಾಕ್ಟರು ಸ್ವಲ್ಪ ದಿನ ಕೊಡುವುದುಂಟು. ಆದರೆ ಮನೆಗೆ ಹೋಗ್ತೀನಿ ಅಂದವಳನ್ನು ಸುಮ್ಮನಾಗಿಸಲು ಕೊಡುವುದು ಬೇರೆ. ಹತ್ತನೇ ದಿನಕ್ಕೆ ಕರೆದುಕೊಂಡು ಬಂದೆವು. ಅಷ್ಟರಲ್ಲಿ ಅವಳು ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು.

ತೋಟದ ಮನೆಯವರು ನಿಜಕ್ಕೂ ಒಳ್ಳೆಯ ಜನ. ಮುದ್ದೆ, ಸೊಪ್ಪಿನ ಸಾರು, ಬಿಸಿ ಊಟ. ಮೂರರಲ್ಲಿ ಊಟ ಚೆನ್ನಾಗಿದ್ದದ್ದು ಅಲ್ಲೇ. ಆದರೆ ಈ ಕಾಯಿಲೆಯ ಬಗ್ಗೆ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವ್ವ ಕಾಯ್ತಿರ್ತಾಳೆ ಅಂದಾಗ ಅಲ್ಲಿನ ಆಯಾ ಪ್ರೀತಿಯಿಂದಲೇ ಹೇಳುತ್ತಿದ್ದರು, "ನಿಮ್ಮವ್ವ ತೀರ್ಕೊಂಡು ಎಷ್ಟೋ ವರ್ಷ ಆಯ್ತಲ್ಲ ಅಜ್ಜಿ." ಸುಳ್ಳಲ್ಲ. ಆದರೆ ದೊಡ್ಡಮ್ಮನಿಗೆ ಅದು ಆಗಷ್ಟೇ ಬಂದ ಸಾವಿನ ಸುದ್ದಿ. ಎದೆ ಬಡಿದುಕೊಂಡು ಅಳುತ್ತಿದ್ದಳು. ರಾತ್ರಿ ಮರೆತು ಮಲಗುತ್ತಿದ್ದಳು. ಮಾರನೇ ಸಂಜೆ ಮತ್ತೆ ಕೇಳುತ್ತಿದ್ದಳು, ಮತ್ತೆ ಅದೇ ಉತ್ತರ. ಮೂರು ವಾರದಲ್ಲಿ ಅವಳು ಎಷ್ಟು ಸಲ ಅವ್ವನನ್ನು ಕಳೆದುಕೊಂಡಳು ಅಂತ ನೆನೆದರೆ ಈಗಲೂ ನನಗೆ ಹೊಟ್ಟೆ ಹಿಂಡುತ್ತದೆ.

ಇನ್ನೊಂದು ವಿಷಯ ಅಲ್ಲಿ ರಾತ್ರಿ ಗೊತ್ತಾಯಿತು. ಅಲ್ಲೇ ಉಳಿಯಲು ಒಂದು ದಿನ ಒಪ್ಪಿಸಿದ್ದೆ. ಹಗಲಿನ ಕನ್ನಡದ ಆಯಾಗಳು ಎಂಟಕ್ಕೆ ಮನೆಗೆ ಹೋಗುತ್ತಾರೆ. ರಾತ್ರಿ ಹದಿನೆಂಟು ಜನಕ್ಕೆ ಒಬ್ಬಳೇ ಹುಡುಗಿ, ದೂರದ ರಾಜ್ಯದವಳು, ಬಂದು ಎರಡು ತಿಂಗಳು. ಪಾಪ, ಅವಳ ತಪ್ಪು ಏನೂ ಇಲ್ಲ. ದೊಡ್ಡಮ್ಮ ಎದ್ದು "ಒಂದಕ್ಕೆ ಹೋಗ್ಬೇಕು" ಅಂದರೆ ಆ ಹುಡುಗಿಗೆ ಅರ್ಥವಾಗುತ್ತಿರಲಿಲ್ಲ. ನೀರಿನ ಲೋಟ ತಂದು ಕೊಡುತ್ತಿದ್ದಳು. ಹೊಸದಾಗಿ ಕಲಿತ ಮಾತು ಈ ಕಾಯಿಲೆಯಲ್ಲಿ ಬೇಗ ಹೋಗುತ್ತದೆ, ಚಿಕ್ಕಂದಿನ ಮಾತು ಉಳಿಯುತ್ತದೆ. ದೊಡ್ಡಮ್ಮನಿಗೆ ಬರುತ್ತಿದ್ದ ಅಲ್ಪಸ್ವಲ್ಪ ಹಿಂದಿ ಎಂದೋ ಹೋಗಿದೆ. ಹಾಗಾಗಿ ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ, ಎಷ್ಟು ಜನಕ್ಕೆ ಒಬ್ಬರು, ಅವರಿಗೆ ನಮ್ಮ ಮಾತು ಬರುತ್ತದಾ? ಇದನ್ನು ಕೇಳದೆ ಮುಂಗಡ ಕಟ್ಟಬೇಡಿ.

ಚಿಕ್ಕ ಮನೆಗೆ ಹೋಗಿ ಬಿಟ್ಟ ಎರಡನೇ ಸಂಜೆ ನಾನು ಹೇಳದೆ ಕೇಳದೆ ಹೋದೆ. ತಕ್ಷಣ ಒಳಗೆ ಬಿಟ್ಟುಕೊಂಡರು, ಐದು ನಿಮಿಷವೂ ಕಾಯಿಸಲಿಲ್ಲ. ದೊಡ್ಡಮ್ಮ ಸೆರಗು ಬಿಗಿದುಕೊಂಡು ಎದ್ದು ನಿಂತಿದ್ದಳು. ಅಲ್ಲಿನ ಹೆಂಗಸು ಒಂದು ಬುಟ್ಟಿ ತಂದು ಪಕ್ಕದಲ್ಲಿಟ್ಟರು. ಅದರ ತುಂಬ ಒಗೆದ ಕೈವಸ್ತ್ರ, ಹಳೇ ರವಿಕೆ. "ಹೋಗೋಣ ಅಜ್ಜಿ, ಇದೊಂದಿಷ್ಟು ಮಡಚಿಟ್ಟು ಹೋಗೋಣ. ನಿಮ್ಮವ್ವ ಏನು ಅಡುಗೆ ಮಾಡ್ತಿದ್ರು?" ದೊಡ್ಡಮ್ಮ ಕೂತಳು. ಒಂದು ರವಿಕೆ ಎತ್ತಿ, ಒಳಗಡೆ ತಿರುಗಿಸಿ, ಹೊಲಿಗೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡಿದಳು. ಹುಕ್ಕು ಕಾಜಾ ಒಂದೊಂದಾಗಿ ಮುಟ್ಟಿದಳು. "ಯಾರು ಹೊಲಿದಿದ್ದು ಇದು, ಕಂಕುಳಲ್ಲಿ ಎಳೀತದೆ" ಅಂದಳು. ನಾನು ಅಲ್ಲೇ ಬಾಗಿಲ ಹತ್ತಿರ ನಿಂತು ಅತ್ತುಬಿಟ್ಟೆ. ನಾವು ಟೈಲರ್ ಅಂತ ಫಾರ್ಮಿನಲ್ಲಿ ಮೂರೂ ಕಡೆ ಬರೆದು ಕೊಟ್ಟಿದ್ದೆವು. ಓದಿದ್ದು ಇವರೊಬ್ಬರೇ. ತೋಟದ ಮನೆಯಲ್ಲಿ ದಾರ ಕೀಳುತ್ತಾಳೆ ಅಂತ ಕೈಯಿಂದ ಬಟ್ಟೆ ತೆಗೆದಿಟ್ಟಿದ್ದರು.

ಒಂಬತ್ತನೇ ದಿನ ದೊಡ್ಡಮ್ಮ ಇದ್ದಕ್ಕಿದ್ದ ಹಾಗೆ ಕಿರುಚಲು ಶುರು ಮಾಡಿದಳಂತೆ, ಯಾರನ್ನೋ ಹೊಡೆಯಲು ಹೋದಳಂತೆ. ಫೋನ್ ಬಂದಾಗ ನನ್ನ ಜೀವ ಬಾಯಿಗೆ ಬಂತು, ಕರೆದುಕೊಂಡು ಹೋಗಿ ಅನ್ನುತ್ತಾರೆ ಅಂತ. ನರ್ಸ್ ಹೇಳಿದ್ದು, "ಒಂದೇ ದಿನದಲ್ಲಿ ಹೀಗೆ ಬದಲಾದರೆ ಕಾಯಿಲೆ ಜಾಸ್ತಿ ಆಗಿದ್ದಲ್ಲ ಮೇಡಂ, ಬೇರೆ ಏನೋ ಇರುತ್ತೆ. ಯೂರಿನ್ ಟೆಸ್ಟಿಗೆ ಕಳಿಸಿದ್ದೀವಿ." ಮೂತ್ರದ ಸೋಂಕು. ಡಾಕ್ಟರು ಆ್ಯಂಟಿಬಯಾಟಿಕ್ ಕೊಟ್ಟರು, ನಾಲ್ಕು ದಿನಕ್ಕೆ ಮೊದಲಿನ ದೊಡ್ಡಮ್ಮ. ಸೋಂಕು, ಮಲಬದ್ಧತೆ, ನೋವು, ಇವನ್ನು ಬಾಯಿಬಿಟ್ಟು ಹೇಳಲಾಗದವರು ಹೀಗೇ ಹೇಳುತ್ತಾರೆ. 52 ಸಾವಿರ ಯಾತಕ್ಕೆ ಅಂತ ತಮ್ಮ ಆಮೇಲೆ ಕೇಳಲಿಲ್ಲ.

ಅಲ್ಲೂ ಕೊರತೆ ಇದೆ. ಊಟ ಸಪ್ಪೆ. ವಾರಕ್ಕೊಂದು ಸಲ ನಾನೇ ಮುದ್ದೆ ಕಟ್ಟಿಕೊಂಡು ಹೋಗುತ್ತೇನೆ. ಅಂಗಳ ಚಿಕ್ಕದು, ಸುತ್ತಲು ಇಪ್ಪತ್ತು ಹೆಜ್ಜೆ. ಆದರೆ ಆ ಇಪ್ಪತ್ತು ಹೆಜ್ಜೆಯನ್ನು ಎಷ್ಟು ಸಲ ಬೇಕಾದರೂ ಹಾಕಲು ಬಿಡುತ್ತಾರೆ. ಗೇಟಿಗೆ ಬೀಗ, ಒಳಗೆ ಎಲ್ಲೂ ಬೀಗ ಇಲ್ಲ. ತೋಟದ ಮನೆಯ ಒಂದು ಎಕರೆ ತೋಟಕ್ಕೆ ದೊಡ್ಡಮ್ಮನನ್ನು ಮೂರು ವಾರದಲ್ಲಿ ಬಿಟ್ಟದ್ದು ಎರಡು ಸಲ, ನೋಡಿಕೊಳ್ಳಲು ಜನ ಇಲ್ಲ ಅಂತ.

ದುಡ್ಡಿನ ವಿಷಯ ಹೇಳುವುದಾದರೆ, ಅವಳ ತುಮಕೂರಿನ ಮನೆಯ ಬಾಡಿಗೆ, ನನ್ನದು ಒಂದಿಷ್ಟು, ತಮ್ಮನದು ಒಂದಿಷ್ಟು. ಬಿಗಿಯಾಗಿದೆ. ಇಷ್ಟು ಕೊಡಲಾಗದವರು ಹಗಲು ಮಾತ್ರ ನೋಡಿಕೊಳ್ಳುವ ಡೇ ಕೇರ್ ಹತ್ತಿರದಲ್ಲಿ ಇದೆಯಾ ಅಂತ ಮೊದಲು ವಿಚಾರಿಸಿ. ವಯಸ್ಸಾದವರ ಸಹಾಯವಾಣಿ 14567 ಎಲ್ಡರ್‌ಲೈನ್‌ಗೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತದೆ. ಎಆರ್‌ಡಿಎಸ್‌ಐ ಅನ್ನುವ ಸಂಸ್ಥೆ 1992ರಿಂದ ಈ ಕಾಯಿಲೆಯವರಿಗೂ ಅವರ ಮನೆಯವರಿಗೂ ಅಂತಲೇ ಕೆಲಸ ಮಾಡುತ್ತಿದೆ. ನಮಗೆ ಇದೆಲ್ಲ ತಡವಾಗಿ ಗೊತ್ತಾಯಿತು.

ನಾವು ಅವಳನ್ನು ಇಟ್ಟು ಕಲಿತದ್ದನ್ನು ನೀವು ಒಬ್ಬರೇ ಹೋಗಿ ನೋಡಿ ತಿಳಿಯಬಹುದು. ಸಂಜೆ ಐದಕ್ಕೆ ಹೋಗಿ. ಒಂದು ಗಂಟೆ ಸುಮ್ನೆ ಕೂತಿರಿ. ಎಷ್ಟು ಜನ ಎಚ್ಚರವಾಗಿದ್ದಾರೆ ಎಣಿಸಿ. ಯಾರಾದರೂ ಮನೆಗೆ ಹೋಗ್ಬೇಕು ಅಂದಾಗ ಏನು ಹೇಳುತ್ತಾರೆ ಕೇಳಿಸಿಕೊಳ್ಳಿ. ಕೂರಲು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

ದೊಡ್ಡಮ್ಮ ಚಿಕ್ಕ ಮನೆಗೆ ಹೋಗಿ ಈಗ ಎರಡು ವರ್ಷದ ಮೇಲಾಯಿತು. ಒಪ್ಪಂದದಲ್ಲಿ ಒಂದು ಸಾಲಿದೆ, ಪೂರ್ತಿ ಹಾಸಿಗೆ ಹಿಡಿದರೆ ಬೇರೆ ಕಡೆ ನೋಡಿಕೊಳ್ಳಬೇಕು ಅಂತ. ಸಹಿ ಹಾಕುವಾಗ ನಾವು ಅದನ್ನು ಓದಿಯೂ ಓದದ ಹಾಗೆ ಮಾಡಿದೆವು. ಹೋದ ತಿಂಗಳಿಂದ ನಡಿಗೆ ಕಮ್ಮಿಯಾಗಿದೆ, ನೀರು ಕುಡಿಯುವಾಗ ಕೆಮ್ಮುತ್ತಾಳೆ. ಆಸ್ಪತ್ರೆ ಮನೆಯಲ್ಲಿ ಮಲಗಿದ್ದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. ಗಾಳಿ ಹಾಸಿಗೆ ಇತ್ತು, ಯಾರ ಬೆನ್ನಲ್ಲೂ ಹುಣ್ಣು ಇರಲಿಲ್ಲ. ಮಲಗಿದವರನ್ನು ನೋಡಿಕೊಳ್ಳುವುದು ಅವರಿಗೆ ಗೊತ್ತು, ಓಡಾಡುವವರನ್ನು ನೋಡಿಕೊಳ್ಳುವುದು ಗೊತ್ತಿಲ್ಲ. ಆ ಫೋನ್ ನಂಬರ್ ಅಳಿಸದೆ ಇಟ್ಟುಕೊಂಡಿದ್ದೇನೆ.