ಮಿಥೈಲ್‌ಫೆನಿಡೇಟ್ ಮಾತ್ರೆ: ನಮ್ಮ ಕಡೆಯ ಶಾಲಾ ದಿನಚರಿಗೆ ಹೊಂದುತ್ತದೆಯೇ?

ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇರುವ 6 ವರ್ಷ ಮೇಲ್ಪಟ್ಟ ಮಕ್ಕಳಿಗೆ ಬರೆಯುವ ಈ ಮಾತ್ರೆ ಇನ್‌ಸ್ಪೈರಲ್, ಆಡ್‌ವೈಜ್ ಮುಂತಾದ ಹೆಸರುಗಳಲ್ಲಿ ಬರುತ್ತದೆ. ಆದರೆ ಎಲ್ಲ ಮೆಡಿಕಲ್‌ಗಳಲ್ಲೂ ಸಿಗದು. ಶೆಡ್ಯೂಲ್ ಎಕ್ಸ್ (ಕಾನೂನಿನ ಬಿಗಿ ನಿಯಂತ್ರಣದ ಪಟ್ಟಿ) ಔಷಧವಾದ್ದರಿಂದ ಅಂಗಡಿಗೆ ಬೇರೆಯೇ ಲೈಸೆನ್ಸ್ ಬೇಕು, ಮಾತ್ರೆ ಬೀಗ ಹಾಕಿದ ಕಪಾಟಿನಲ್ಲಿರಬೇಕು. ಡಾಕ್ಟರ ಚೀಟಿಯೂ ಎರಡು ಪ್ರತಿ. ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳುತ್ತಾರೆ. ಕುಂದಾಪುರ, ಕಾರ್ಕಳದ ಕಡೆಯವರು ಸ್ಟ್ರಿಪ್ ಮುಗಿಯುವ ವಾರ ಮೊದಲೇ ಮಂಗಳೂರು ಅಥವಾ ಮಣಿಪಾಲದ ದೊಡ್ಡ ಆಸ್ಪತ್ರೆಯ ಔಷಧಾಲಯಕ್ಕೆ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಗುಣಕ್ಕೆ ಪೂರ್ಣ ಅಂಕ ಕೊಡಬಹುದು. ಸಾದಾ ಮಾತ್ರೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ಹಿಡಿದು 3-4 ಗಂಟೆ ನಿಲ್ಲುತ್ತದೆ. ಸಾಮಾನ್ಯವಾಗಿ 5 ಮಿ.ಗ್ರಾಂ ದಿನಕ್ಕೆರಡು ಸಲ ಶುರುಮಾಡಿ, ವೈದ್ಯರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ಸಾದಾ ಮಾತ್ರೆಗೆ ದಿನದ ಗರಿಷ್ಠ ಮಿತಿ 60 ಮಿ.ಗ್ರಾಂ. ತೊಡಕಿರುವುದು ಮಧ್ಯಾಹ್ನದ ಮಾತ್ರೆಯಲ್ಲಿ: ಶಾಲೆಯಲ್ಲಿ ಕೊಡುವವರು ಯಾರು? ಮಗುವಿನ ಚೀಲದಲ್ಲಿ ಇಟ್ಟು ಕಳಿಸುವ ಮದ್ದಲ್ಲ ಇದು. ಹೀಗಾಗಿ ಶಾಲೆಗೆ ಹೋಗುವವರಿಗೆ ನಿಧಾನವಾಗಿ ಬಿಡುಗಡೆಯಾಗುವ ಬಗೆಯೇ ವಾಸಿ. ಅದನ್ನು ಅಗಿಯಬಾರದು, ಪುಡಿಮಾಡಿ ಜೇನಿನಲ್ಲಿ ಕಲಸಲೂಬಾರದು. ಹಾಗೆ ಮಾಡಿದರೆ ಇಡೀ ದಿನದ ಮದ್ದು ಒಟ್ಟಿಗೆ ಮೈಗೆ ಸೇರುತ್ತದೆ. ಕೆಲವು ಬಗೆಗಳ ಖಾಲಿ ಕವಚ ಮಲದಲ್ಲಿ ಇಡಿಯಾಗಿ ಕಾಣಿಸಬಹುದು. ಮಾತ್ರೆ ಕರಗಲಿಲ್ಲವೆಂದು ಇನ್ನೊಂದು ಕೊಡಬೇಡಿ. ಬೆಳಿಗ್ಗೆ ಮರೆತು ಮಧ್ಯಾಹ್ನ ಕಳೆದರೆ ಆ ದಿನ ಬಿಟ್ಟುಬಿಡಿ, ಇಲ್ಲವಾದರೆ ರಾತ್ರಿ ನಿದ್ದೆ ಇಲ್ಲ.

ನಾವು ಅಂಕ ಕಡಿಯುವುದು ಹಸಿವಿನ ವಿಷಯದಲ್ಲಿ. ಬುತ್ತಿ ತುಂಬಿದ್ದು ತುಂಬಿದ ಹಾಗೆಯೇ ವಾಪಸ್ ಬರುತ್ತದೆ. ಬೈದು ತಿನ್ನಿಸುವುದರಿಂದ ಪ್ರಯೋಜನವಿಲ್ಲ, ಹೊತ್ತು ಬದಲಿಸಬೇಕು. ಮಾತ್ರೆಗೆ ಮೊದಲೇ ನೀರ್‌ದೋಸೆಯ ಜೊತೆ ಮೊಟ್ಟೆಯೋ ಕಡಲೆ ಗಸಿಯೋ ಹೊಟ್ಟೆಗೆ ಬಿದ್ದಿರಲಿ. ಪರಿಣಾಮ ಇಳಿಯುವ ಸಂಜೆ ಹಸಿವು ಮರಳುತ್ತದೆ. ಬಿಸ್ಕತ್ತಿನಲ್ಲಿ ಅದನ್ನು ಕೊಲ್ಲದೆ ಊಟವನ್ನೇ ಬಡಿಸಿ. ಅದೇ ಹೊತ್ತಿಗೆ ಸಿಡುಕು, ಅಳು ಕಾಣಿಸಬಹುದು. ಟ್ಯೂಷನ್‌ಗೆ ಬೇಕೆಂದು ಪಾಲಕರೇ ಅರ್ಧ ಮಾತ್ರೆ ಸೇರಿಸುವುದಂತೂ ಕೂಡದು.

ಶುರುವಿಗೆ ಮೊದಲು ನಾಡಿ, ಬಿಪಿ, ಎತ್ತರ, ತೂಕ ಬರೆದಿಡಬೇಕು. ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು, ಆಟದ ನಡುವೆ ಮೂರ್ಛೆ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ಆಮೇಲೆ ಪ್ರತಿ ಡೋಸ್ ಬದಲಾದಾಗ ನಾಡಿ-ಬಿಪಿ, 6 ತಿಂಗಳಿಗೊಮ್ಮೆ ಎತ್ತರ; ಚಿಕ್ಕ ಮಕ್ಕಳ ತೂಕ 3 ತಿಂಗಳಿಗೊಮ್ಮೆ. ಮಳೆಗಾಲದ ಶೀತಕ್ಕೆ ಕೇಳದೆ ಸಿರಪ್ ತರುವವರು ಗಮನಿಸಿ: ಮೂಗು ಬಿಡಿಸುವ ಫಿನೈಲೆಫ್ರಿನ್ ಇದರ ಜೊತೆ ಬಿಪಿ ಏರಿಸಬಹುದು. ಎದೆನೋವು, ಮೂರ್ಛೆ, ಇಲ್ಲದ ದನಿ ಕೇಳಿಸುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ಆಸ್ಪತ್ರೆಗೆ ಹೋಗಿ.

ಪಿಯುಸಿ ಪರೀಕ್ಷೆಯ ಹೊತ್ತಿಗೆ ಅಣ್ಣ-ತಂಗಿ, ಗೆಳೆಯರಿಗೆ 'ಒಂದೇ ಒಂದು' ಹಂಚುವುದು ಅಪಾಯವೂ ಹೌದು, ಕಾನೂನುಬಾಹಿರವೂ ಹೌದು. ಬಜ್ಪೆ ವಿಮಾನ ನಿಲ್ದಾಣದಿಂದ ಗಲ್ಫ್‌ಗೆ ಹೊರಡುವವರು ಆ ದೇಶದ ನಿಯಮ ಮೊದಲೇ ನೋಡಿಕೊಳ್ಳಿ. ಯುಎಇಗೆ ಇಂಥ ನಿಯಂತ್ರಿತ ಔಷಧ ಒಯ್ಯಲು ಮುಂಗಡ ಅನುಮತಿ ಬೇಕು. ಚೀಟಿ ಮತ್ತು ಮೂಲ ಪ್ಯಾಕ್ ಕೈಚೀಲದಲ್ಲೇ ಇರಲಿ.