590 ರೂಪಾಯಿ ಬಾಕಿ, 40 ಲಕ್ಷದ ಸಾಲ: ನಾನು ತಟ್ಟಿದ ಮೂರು ಬಾಗಿಲು

2025ರ ಜೂನ್‌ನಲ್ಲಿ ಮೈಸೂರಿನ ಬೋಗಾದಿ ಕಡೆ ಒಂದು ಮನೆ ನೋಡಿದೆವು. 30-40 ಸೈಟು, ಗೇಟಿನ ಪಕ್ಕ ಸಂಪಿಗೆ ಮರ, ನಿವೃತ್ತ ಮೇಷ್ಟ್ರೊಬ್ಬರು ಕಟ್ಟಿಸಿದ ಮನೆ. 62 ಲಕ್ಷಕ್ಕೆ ಮಾತಾಯಿತು. ಕೈಯಲ್ಲಿ 22 ಲಕ್ಷ ಇತ್ತು, ರಿಜಿಸ್ಟ್ರೇಷನ್ ಖರ್ಚಿಗೆ ಬೇರೆ ಎತ್ತಿಟ್ಟಿದ್ದೆವು. ಉಳಿದ 40 ಲಕ್ಷಕ್ಕೆ ಹೋಮ್ ಲೋನ್. ಹನ್ನೊಂದು ವರ್ಷದಿಂದ ಒಂದೇ ಕಡೆ ಕೆಲಸ, ತಿಂಗಳ ಕೊನೆಗೆ ಸರಿಯಾಗಿ ಸಂಬಳ. ಇನ್ನೇನು ಬೇಕು ಅಂದುಕೊಂಡು ಬ್ಯಾಂಕಿಗೆ ಹೋದೆ. ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವುದರಲ್ಲಿ ನಾವು ಎಷ್ಟು ಸರಿ ಅಂತ ಹೇಳುವ ಅಂಕ, 684 ಬಂತು.

ಈ ಸ್ಕೋರು 300ರಿಂದ 900ರವರೆಗೆ ಇರುತ್ತದೆ. 750 ದಾಟಿದವರನ್ನು ಬ್ಯಾಂಕಿನವರು ಕರೆದು ಕೂರಿಸುತ್ತಾರೆ. 700ರ ಕೆಳಗಿದ್ದರೆ "ಸರ್, ಒಂದು ನಿಮಿಷ" ಅಂತ ಒಳಗೆ ಹೋಗುತ್ತಾರೆ. ನನಗೆ ಆ ಒಂದು ನಿಮಿಷ ಇಪ್ಪತ್ತು ನಿಮಿಷ ಆಯಿತು.

ಮನೆಗೆ ಬಂದು ಪೂರ್ತಿ ವರದಿ ತೆಗೆದೆ. ವರ್ಷಕ್ಕೊಂದು ಸಲ ಇದು ಪುಕ್ಕಟೆ. ನಾವೇ ತೆಗೆದು ನೋಡಿಕೊಂಡರೆ ಸ್ಕೋರು ಇಳಿಯಲ್ಲ, ಸಾಲ ಕೊಡುವವರು ಅರ್ಜಿಯ ಮೇಲೆ ತೆಗೆದರೆ ಮಾತ್ರ ಸ್ವಲ್ಪ ಪೆಟ್ಟು ಬೀಳುತ್ತದೆ. ವರದಿಯಲ್ಲಿ ಪ್ರತಿ ಸಾಲಕ್ಕೂ ತಿಂಗಳು ತಿಂಗಳಿನ ಚೌಕ ಇರುತ್ತದೆ. ಕಂತು ಎಷ್ಟು ದಿನ ತಡವಾಯಿತು ಅಂತ ಅದರಲ್ಲಿ ಬರೆದಿರುತ್ತದೆ. ನನ್ನ ಬೈಕ್ ಸಾಲದ ಸಾಲಿನಲ್ಲಿ ಉದ್ದಕ್ಕೂ 000, 000, 000. ನೋಡಿ ಖುಷಿಯಾಯಿತು. ಮೂರನೇ ಪುಟದಲ್ಲಿ ಮರೆತೇಹೋಗಿದ್ದ ಒಂದು ಕ್ರೆಡಿಟ್ ಕಾರ್ಡು. ಅದರ ಮುಂದೆ "ರಿಟನ್ ಆಫ್", 6,842 ರೂಪಾಯಿ.

ಆ ಕಾರ್ಡನ್ನು ನಾನು ಫೋನಿನಲ್ಲೇ ಬಂದ್ ಮಾಡಿಸಿದ್ದೆ. ಮಾಡಿಸಿದೆ ಅಂದುಕೊಂಡಿದ್ದೆ. ವರ್ಷದ ಶುಲ್ಕ 500, ಅದರ ಮೇಲೆ ಶೇ 18ರ ಜಿಎಸ್‌ಟಿ, ಒಟ್ಟು 590 ರೂಪಾಯಿ ಬಾಕಿ ಉಳಿದಿತ್ತು. ಬಿಲ್ಲು ಹಳೇ ಬಾಡಿಗೆ ಮನೆಗೆ ಹೋಗುತ್ತಿತ್ತು. ಬಡ್ಡಿ, ತಡದ ಶುಲ್ಕ, ಅದರ ಮೇಲೆ ಮತ್ತೆ ಬಡ್ಡಿ ಸೇರಿ ಅಷ್ಟಾಗಿತ್ತು. ಕೊನೆಗೆ ಬ್ಯಾಂಕಿನವರು ವಸೂಲಾಗದ ಸಾಲ ಅಂತ ಬರೆದು ಕೈ ತೊಳೆದುಕೊಂಡಿದ್ದರು.

ಇಂಥ ಸ್ಥಿತಿಯಲ್ಲಿ ಮುಂದಿದ್ದದ್ದು ಮೂರು ದಾರಿ. ಬಡ್ಡಿ ಹೆಚ್ಚಾದರೂ ಸರಿ ಅಂತ ಹೌಸಿಂಗ್ ಫೈನಾನ್ಸ್ ಕಂಪನಿಗೆ, ಅಂದರೆ ಬ್ಯಾಂಕಲ್ಲದ, ಮುಖ್ಯವಾಗಿ ಮನೆ ಸಾಲ ಕೊಡುವ ಕಂಪನಿಗೆ, ಹೋಗುವುದು. ಸ್ಕೋರು ಚೆನ್ನಾಗಿರುವ ಹೆಂಡತಿಯನ್ನು ಮುಂದಿಟ್ಟುಕೊಂಡು ಸರ್ಕಾರಿ ಬ್ಯಾಂಕಿಗೆ ಹೋಗುವುದು. ಇಲ್ಲ, ಸ್ಕೋರು ಸರಿಮಾಡಿಕೊಂಡು ಆಮೇಲೆ ಹೋಗುವುದು. ಮೂರನ್ನೂ ಪ್ರಯತ್ನಿಸಿದೆ. ಕೆಳಗಿರುವುದು ನನಗೆ ಸಿಕ್ಕ ದರಗಳು. ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಆಗಷ್ಟೇ 5.50ಕ್ಕೆ ಇಳಿದಿತ್ತು. ನಿಮಗೆ ಬೇರೆ ದರ ಸಿಗಬಹುದು.

ಹೌಸಿಂಗ್ ಫೈನಾನ್ಸ್‌ನವರ ಚುರುಕಿಗೆ ಕೈ ಮುಗಿಯಬೇಕು. ಭಾನುವಾರ ಬೆಳಿಗ್ಗೆ ಒಬ್ಬ ಹುಡುಗ ಟ್ಯಾಬ್ ಹಿಡಿದು ಮನೆಗೇ ಬಂದ. ಕಾಫಿ ಕುಡಿಯುವಷ್ಟರಲ್ಲಿ ಪ್ಯಾನ್, ಆಧಾರ್, ಸಂಬಳದ ಚೀಟಿ ಎಲ್ಲಾ ಹೊಡೆದುಕೊಂಡ. ರಿಟನ್ ಆಫ್ ವಿಷಯ ನಾನೇ ಎತ್ತಿದೆ. "ಅದೇನೂ ಆಗಲ್ಲ ಸರ್, ನೋಡ್ಕೋತೀವಿ" ಅಂದ. ನಾಲ್ಕೇ ದಿನಕ್ಕೆ ಒಪ್ಪಿಗೆ ಬಂತು. ಬಡ್ಡಿ ಶೇ 9.5. 20 ವರ್ಷಕ್ಕೆ ಕಂತು 37,285 ರೂಪಾಯಿ.

ಪತ್ರವನ್ನು ನಿಧಾನವಾಗಿ ಓದಿದರೆ ಇನ್ನೂ ಎರಡು ವಿಷಯ. ಒಂದು, ಸಾಲಕ್ಕೆ ಜೋಡಿಸಿದ ವಿಮೆ, 78,000 ರೂಪಾಯಿ, ಅದನ್ನೂ ಸಾಲದ ಮೊತ್ತಕ್ಕೇ ಸೇರಿಸಿದ್ದರು. ಬೇಡ ಅಂದರೆ ತೆಗೆಯುತ್ತಾರೆ, ಆದರೆ ಬೇಡ ಅನ್ನಬೇಕು ಅಂತ ಗೊತ್ತಿರಬೇಕು. ಎರಡನೆಯದು ದೊಡ್ಡದು. ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಹೋಮ್ ಲೋನ್‌ಗಳನ್ನು ರೆಪೋದಂಥ ಹೊರಗಿನ ದರಕ್ಕೇ ಕಟ್ಟಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಡ್ಡಾಯ ಇಲ್ಲ, ಅವರದೇ ದರ ಅವರಿಗೆ. ರಿಸರ್ವ್ ಬ್ಯಾಂಕ್ ಇಳಿಸಿತು ಅಂತ ಇಲ್ಲೂ ಅಷ್ಟೇ ಬೇಗ ಇಳಿಯುತ್ತದೆ ಅಂತ ಕಾಯುವ ಹಾಗಿಲ್ಲ.

ಹುಡುಗ ಒಂದು ಸಮಾಧಾನ ಹೇಳಿದ. "ಒಂದು ವರ್ಷ ಕಟ್ಟಿ ಸರ್, ಆಮೇಲೆ ಬ್ಯಾಂಕಿಗೆ ವರ್ಗಾಯಿಸಿಕೊಳ್ಳಿ." ತಪ್ಪಲ್ಲ. ಫ್ಲೋಟಿಂಗ್ ಹೋಮ್ ಲೋನನ್ನು ಮೊದಲೇ ತೀರಿಸಿದರೆ ದಂಡ ಹಾಕುವ ಹಾಗಿಲ್ಲ. ಆದರೆ ವರ್ಗಾವಣೆ ಅಂದರೆ ಮತ್ತೆ ಪ್ರೊಸೆಸಿಂಗ್ ಫೀ, ಮತ್ತೆ ವಕೀಲರ ಅಭಿಪ್ರಾಯ, ಮತ್ತೆ ಅಡಮಾನದ ಪತ್ರ. ಹೊಸ ಬ್ಯಾಂಕು ನೋಡುವುದೂ ಇದೇ ವರದಿಯನ್ನೇ ಅಲ್ವಾ? ರಿಟನ್ ಆಫ್ ಸಾಲು ಅಲ್ಲೇ ಕೂತಿದ್ದರೆ ಒಂದು ವರ್ಷ ಕಳೆದೂ ನಾನು ನಿಂತಲ್ಲೇ ನಿಂತಿರುತ್ತೇನೆ.

ಇನ್ನು ಹೆಂಡತಿಯ ಹೆಸರಿನ ದಾರಿ. ಅವಳು ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ 34,000, ಸ್ಕೋರು 791. ಒಂದೇ ಒಂದು ಕಾರ್ಡು, ತಿಂಗಳಿಗೆ ಎರಡು ಸಾವಿರದ ದಿನಸಿ, ಬಿಲ್ಲು ಬಂದ ದಿನವೇ ಕಟ್ಟುತ್ತಾಳೆ. ನಾನು ಅದನ್ನು ತಮಾಷೆ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ.

ಅವಳೊಬ್ಬಳ ಹೆಸರಿನಲ್ಲಿ ಸಾಲ ತೆಗೆದರೆ ಬಡ್ಡಿ ಕಡಿಮೆ. ಆದರೆ ಸಂಬಳದ ಅರ್ಧ ಕಂತಿಗೆ ಅಂತ ಲೆಕ್ಕ ಹಿಡಿದರೂ 17,000, ಅದಕ್ಕೆ ಸಿಗುವುದು ಸುಮಾರು 20 ಲಕ್ಷ. ಮನೆಯ ಮುಕ್ಕಾಲು ಗೋಡೆ ಕೊಳ್ಳಬಹುದು. ಇಬ್ಬರೂ ಸೇರಿ ಹಾಕಿದರೆ? ನಾನು ಹೋದ ಶಾಖೆಯಲ್ಲಿ ಇಬ್ಬರ ಸ್ಕೋರನ್ನೂ ತೆಗೆದು, ಕಡಿಮೆ ಇದ್ದದ್ದನ್ನೇ ಹಿಡಿದರು. ಎಲ್ಲ ಕಡೆ ಹೀಗೇ ಅಂತಲ್ಲ, ಕೇಳಿ ನೋಡಬೇಕು. 684ಕ್ಕೆ ಶೇ 8.25 ಆಗುತ್ತದೆ, ಕಂತು 34,083 ಅಂದರು. ಹೌಸಿಂಗ್ ಫೈನಾನ್ಸ್‌ಗಿಂತ ಮೂರು ಸಾವಿರಕ್ಕೂ ಜಾಸ್ತಿ ಉಳಿತಾಯ. ನಾನು ಸಹಿ ಹಾಕುವುದಕ್ಕೇ ಸಿದ್ಧನಿದ್ದೆ. ಆಗ ಮ್ಯಾನೇಜರ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸರ್, ಸ್ಕೋರ್ ಹೇಗೋ ಆಗತ್ತೆ. ಈ ರಿಟನ್ ಆಫ್ ಇರೋವರೆಗೂ ಫೈಲು ಮೇಲೆ ಕಳಿಸಕ್ಕಾಗಲ್ಲ. ಮೊದಲು ಅದರ ಎನ್‌ಒಸಿ, ಬಾಕಿ ಇಲ್ಲ ಅನ್ನೋ ಪತ್ರ, ತಗೊಂಡ್ಬನ್ನಿ."

ಅಂದರೆ ಎರಡನೇ ದಾರಿ ಹಿಡಿಯಬೇಕಾದರೂ ಮೂರನೆಯದನ್ನು ಅರ್ಧ ನಡೆಯಲೇಬೇಕು. ಇದು ನನಗೆ ಮೊದಲು ಹೊಳೆದಿರಲಿಲ್ಲ. ಸ್ಕೋರು ಕಡಿಮೆ ಇರುವುದು ಬೇರೆ, ವರದಿಯಲ್ಲಿ ಕಲೆ ಇರುವುದು ಬೇರೆ. ಮೊದಲನೆಯದಕ್ಕೆ ಬಡ್ಡಿ ಜಾಸ್ತಿ ಹಾಕುತ್ತಾರೆ, ಎರಡನೆಯದಕ್ಕೆ ಬಾಗಿಲನ್ನೇ ಹಾಕುತ್ತಾರೆ.

ನಡುವೆ ಎರಡು ಸಲಹೆಗಳೂ ಬಂದವು. ಸೋದರಮಾವ ತಮ್ಮ ಸಹಕಾರ ಸಂಘದಲ್ಲಿ ಸಾಲ ಕೊಡಿಸುತ್ತೇನೆ ಅಂದರು, ಸ್ಕೋರು ಅಷ್ಟಾಗಿ ನೋಡಲ್ಲವಂತೆ. ಬಡ್ಡಿ ಶೇ 13, ಇಬ್ಬರು ಜಾಮೀನು. ಜಾಮೀನು ಹಾಕಿದ ಸಾಲ ಜಾಮೀನುದಾರರ ವರದಿಯಲ್ಲೂ ಕಾಣಬಹುದು, ಸುಮ್ನೆ ಇನ್ನಿಬ್ಬರನ್ನು ಯಾಕೆ ಎಳೆಯುವುದು ಅಂತ ಬಿಟ್ಟೆ. ಇನ್ನೊಬ್ಬ ಏಜೆಂಟ್ 8,000 ಕೊಟ್ಟರೆ ಸ್ಕೋರನ್ನು ನೂರು ಏರಿಸಿಕೊಡುತ್ತೇನೆ ಅಂದ. ಸಾಲ ಕೊಟ್ಟ ಸಂಸ್ಥೆ ಒಪ್ಪದೆ ವರದಿಯ ಒಂದಕ್ಷರವೂ ಬದಲಾಗುವುದಿಲ್ಲ. ಆ ದೂರನ್ನು ನಾವೇ ಪುಕ್ಕಟೆ ಹಾಕಬಹುದು.

ಹಾಗಾಗಿ ಮೂರನೇ ದಾರಿಗೇ ಬಂದೆ. ಮೊದಲು ಕಾರ್ಡಿನ ಬ್ಯಾಂಕಿಗೆ ಫೋನ್. ಅವರ ಮೊದಲ ಮಾತೇ "ಸರ್, 3,000ಕ್ಕೆ ಸೆಟ್ಲ್ ಮಾಡ್ಕೊಳಿ". ಅರ್ಧಕ್ಕಿಂತ ಕಡಿಮೆಗೆ ಮುಗಿಯುತ್ತದೆ ಅಂತ ಆಸೆಯಾಗುತ್ತದೆ. ಒಪ್ಪಬೇಡಿ. ಒಪ್ಪಿದರೆ ವರದಿಯಲ್ಲಿ "ಸೆಟಲ್ಡ್" ಅಂತ ಬೀಳುತ್ತದೆ, ಅದೂ ಕಲೆಯೇ, ವರ್ಷಗಟ್ಟಲೆ ಉಳಿಯುತ್ತದೆ. ನಾನು ಪೂರ್ತಿ 6,842 ಕಟ್ಟಿ, ಬಾಕಿ ಇಲ್ಲ ಅನ್ನುವ ಪತ್ರ ಕೇಳಿದೆ. ಜೊತೆಗೆ, ಕಾರ್ಡು ಬಂದ್ ಮಾಡಿ ಅಂತ ಕೇಳಿದ್ದಕ್ಕೆ ಸಾಕ್ಷಿಯಾಗಿ ಹಳೇ ಇಮೇಲ್ ಒಂದು ಸಿಕ್ಕಿತು. ಫೋನ್ ಮಾಡಿದ ದಿನವೇ ಅವರೇ ಕಳಿಸಿದ್ದ ದೂರಿನ ಸಂಖ್ಯೆ ಅದು. ಆ ಇಮೇಲೇ ನನ್ನನ್ನು ಉಳಿಸಿದ್ದು.

ಎರಡನ್ನೂ ಲಗತ್ತಿಸಿ, ವರದಿ ಕೊಡುವ ಕಂಪನಿ ಸಿಬಿಲ್‌ಗೆ ಆನ್‌ಲೈನಿನಲ್ಲೇ ದೂರು ಹಾಕಿದೆ. 30 ದಿನದೊಳಗೆ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಇದೆ. ಬ್ಯಾಂಕಿಗೆ ಬರೆದ ಇಮೇಲಿನಲ್ಲಿ ಆ ಸಾಲನ್ನೂ ಹಾಕಿದ್ದೆ. 26ನೇ ದಿನಕ್ಕೆ ಉತ್ತರ ಬಂತು. ಖಾತೆ "ಕ್ಲೋಸ್ಡ್" ಆಗಿತ್ತು. ಆಗಸ್ಟ್‌ನಲ್ಲಿ ಸ್ಕೋರು 731.

ಇನ್ನೊಂದು ಕೆಟ್ಟ ಅಭ್ಯಾಸವೂ ಸಿಕ್ಕಿಬಿತ್ತು. ಬಳಕೆಯಲ್ಲಿದ್ದ ಕಾರ್ಡಿನ ಮಿತಿ ಒಂದು ಲಕ್ಷ, ನಾನು ತಿಂಗಳಿಗೆ 70-80 ಸಾವಿರ ಉಜ್ಜುತ್ತಿದ್ದೆ. ಪೂರ್ತಿ ಕಟ್ಟುತ್ತಿದ್ದೆ ನಿಜ, ಆದರೂ ಬಿಲ್ಲಿನ ದಿನ ಸಾಲ ಮಿತಿಯ ಅಂಚಿಗೆ ಬಂದಂತೆ ಕಾಣುತ್ತದೆ. ಮಿತಿಯ ಶೇ 30ರೊಳಗೆ ಇಟ್ಟುಕೊಳ್ಳಿ ಅನ್ನುವುದು ಎಲ್ಲರೂ ಹೇಳುವ ಮಾತು. ಬಿಲ್ಲು ಬರುವ ಮೊದಲೇ ಕಟ್ಟತೊಡಗಿದೆ. ಹಿಂದೆ ತಿಂಗಳಿಗೊಮ್ಮೆ ಕಳಿಸುತ್ತಿದ್ದ ಮಾಹಿತಿಯನ್ನು ಬ್ಯಾಂಕುಗಳು 2025ರಿಂದ ಹದಿನೈದು ದಿನಕ್ಕೊಮ್ಮೆ ಕಳಿಸಬೇಕಾಗಿತ್ತು, ಹಾಗಾಗಿ ಫಲ ಬೇಗ ಕಂಡಿತು. ಅಕ್ಟೋಬರ್ ಹೊತ್ತಿಗೆ 757.

ಕಾದದ್ದಕ್ಕೆ ಬೆಲೆಯೂ ತೆತ್ತೆ. ಆಗಸ್ಟ್ 31ರಿಂದ ಕರ್ನಾಟಕದಲ್ಲಿ ರಿಜಿಸ್ಟ್ರೇಷನ್ ಶುಲ್ಕ ಶೇ 1ರಿಂದ 2ಕ್ಕೆ ಏರಿತು. 62 ಲಕ್ಷಕ್ಕೆ 62,000 ರೂಪಾಯಿ ಹೆಚ್ಚಿಗೆ. ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಡೈರಿಯಲ್ಲಿ ನಷ್ಟ ಅಂತ ಎರಡು ಸಾಲು ಬರೆದೆ: ಶುಲ್ಕ 62,000, ಐದು ತಿಂಗಳ ಬಾಡಿಗೆ 70,000. ಹೆಂಡತಿ ನೋಡಿ ಎರಡನೇ ಸಾಲನ್ನು ಪೆನ್ನಿನಲ್ಲಿ ಹೊಡೆದು ಹಾಕಿದಳು.

"ರೀ, ಜೂನ್‌ನಲ್ಲೇ ಸಾಲ ತಗೊಂಡಿದ್ರೆ ಬಡ್ಡಿ ಕಟ್ತಿರ್ಲಿಲ್ವಾ? ಅದು ತಿಂಗಳಿಗೆ ಎಷ್ಟಾಗ್ತಿತ್ತು ನೋಡಿ."

40 ಲಕ್ಷಕ್ಕೆ ಶೇ 9.5ರಂತೆ ತಿಂಗಳಿಗೆ ಮೂವತ್ತೊಂದು ಸಾವಿರ ಚಿಲ್ಲರೆ. ಬಾಡಿಗೆ 14,000. ಸರಿ, ಸುಮ್ಮನಾದೆ.

ಮೇಷ್ಟ್ರು ಐದು ತಿಂಗಳು ಕಾದದ್ದು ನನ್ನ ಮೇಲಿನ ಪ್ರೀತಿಗಲ್ಲ. ಅವರ ಇ-ಖಾತಾದಲ್ಲಿ ಹೆಸರಿನ ಇನಿಷಿಯಲ್ ತಪ್ಪಾಗಿತ್ತು, ಅದು ಸರಿಯಾಗದೆ ಅವರೂ ಮಾರುವಂತಿರಲಿಲ್ಲ. ಎರಡು ಲಕ್ಷ ಮುಂಗಡ ಕೊಟ್ಟು ನವೆಂಬರ್ ಕೊನೆಯವರೆಗೆ ಕರಾರು ಬರೆಸಿಕೊಂಡೆ. ಖಾತಾ ಸರಿಯಿದ್ದು ಬೇರೆ ಗಿರಾಕಿ ಬಂದಿದ್ದರೆ ನಾನು ಈ ಹೋಲಿಕೆಯನ್ನು ಬೇರೆ ಥರ ಬರೆಯುತ್ತಿದ್ದೆ.

ಅಕ್ಟೋಬರ್‌ನಲ್ಲಿ ಅದೇ ಮೇಡಂ ಮುಂದೆ ಕೂತೆವು. ಮೊದಲ ಹೆಸರು ಹೆಂಡತಿಯದು, ಮಹಿಳೆಯರಿಗೆ 0.05 ರಿಯಾಯಿತಿ ಇತ್ತು. ಶೇ 7.75, ಕಂತು 32,838. ಹೌಸಿಂಗ್ ಫೈನಾನ್ಸ್‌ಗಿಂತ ತಿಂಗಳಿಗೆ 4,447 ಕಡಿಮೆ. ಶುಲ್ಕದಲ್ಲಿ ಹೋದ 62,000 ಹದಿನಾಲ್ಕು ತಿಂಗಳಲ್ಲಿ ವಾಪಸ್. ದರ ಹೀಗೇ ಇದ್ದರೆ 20 ವರ್ಷಕ್ಕೆ 10 ಲಕ್ಷ 67 ಸಾವಿರ. ಎರಡನೇ ದಾರಿಗೆ ಹೋಲಿಸಿದರೆ ಮಾತ್ರ ಉಳಿತಾಯ ತಿಂಗಳಿಗೆ 1,245 ಅಷ್ಟೇ. ಕಲೆ ಹೋದ ಮೇಲೆ ಆಗಸ್ಟ್‌ನಲ್ಲೇ, ಶುಲ್ಕ ಏರುವ ಮೊದಲು, ಬ್ಯಾಂಕಿಗೆ ಓಡಬಹುದಿತ್ತು. 731ಕ್ಕೆ ಎಷ್ಟು ಹೇಳುತ್ತಾರೆ ಅಂತ ಕೇಳಲೂ ಹೋಗಲಿಲ್ಲ. 750 ಅನ್ನುವ ಸಂಖ್ಯೆ ತಲೆಯಲ್ಲಿ ಕೂತುಬಿಟ್ಟಿತ್ತು.

ನನ್ನ ಸ್ನೇಹಿತನೊಬ್ಬನಿಗೆ ನಾನು ಹೌಸಿಂಗ್ ಫೈನಾನ್ಸ್‌ಗೇ ಹೋಗು ಅಂದೆ. ಅವನ ಕಲೆ ನಿಜವಾದದ್ದು. ಕೋವಿಡ್ ನಂತರ ಅಂಗಡಿ ಮುಚ್ಚಿ ಸಾಲವನ್ನು ಸೆಟಲ್ ಮಾಡಿಕೊಂಡಿದ್ದ. ಐದು ತಿಂಗಳು ಕಾದರೆ ಅದು ಅಳಿಸಿಹೋಗಲ್ಲ. ವಿಮೆಯ ಸಾಲನ್ನು ಹೊಡೆಸಿ ಹಾಕು, ಕಂತು ತಪ್ಪಿಸಬೇಡ, ಎರಡು ವರ್ಷ ಬಿಟ್ಟು ಬ್ಯಾಂಕಿಗೆ ಬಾ ಅಂದಿದ್ದೇನೆ.

ಡಿಸೆಂಬರ್‌ನಲ್ಲಿ ರೆಪೋ 5.25ಕ್ಕೆ ಇಳಿಯಿತು. ನಮ್ಮ ದರ 7.50 ಆಯಿತು ಅಂತ ಬ್ಯಾಂಕಿನಿಂದ ಮೆಸೇಜ್ ಬಂದಿದೆ. ದೇಶದಲ್ಲಿ ಇಂಥ ವರದಿ ಕೊಡುವ ಕಂಪನಿಗಳು ನಾಲ್ಕು. ಮೂರರಲ್ಲಿ ನನ್ನ ಹಳೇ ಕಾರ್ಡು ಕ್ಲೋಸ್ಡ್ ಆಗಿದೆ. ನಾಲ್ಕನೆಯದರಲ್ಲಿ 6,842 ಇನ್ನೂ ಹಾಗೇ ಕೂತಿದೆ. ದೂರು ಹಾಕಿದ್ದೇನೆ, ಇವತ್ತಿಗೆ ಹನ್ನೊಂದನೇ ದಿನ.